ಕೆಮ್ಮಿದರೆ ಮೂತ್ರ ಸೋರುವುದೇ? ಮುಚ್ಚಿಡಬೇಡಿ, ಚಿಕಿತ್ಸೆ ಇದೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ತುಂಬಿದ ಕೊಡ ಎತ್ತಿದಾಗ ಒಂದೆರಡು ಹನಿ ಮೂತ್ರ ಸೋರುತ್ತದೆ. ಸುಜೂದ್‌ನಿಂದ ಏಳುವಾಗಲೂ ಹೀಗಾಗಬಹುದು. ನಾಚಿಕೆಯಿಂದ ಅನೇಕ ತಾಯಂದಿರು ಇದನ್ನು ಮಗಳಿಗೂ ಹೇಳುವುದಿಲ್ಲ. ವುಝೂ ನಿಲ್ಲದೆಂದು ನಮಾಝ್ ಬಿಡುವವರೂ ಇದ್ದಾರೆ.

ಏಕೆ ಹೀಗಾಗುತ್ತದೆ?

ಮೂತ್ರಕೋಶವನ್ನೂ ಮೂತ್ರನಾಳವನ್ನೂ ಹಿಡಿದಿಡುವ ಸ್ನಾಯುಗಳು ಹೆರಿಗೆ, ಮುಟ್ಟು ನಿಲ್ಲುವಿಕೆ, ಬೊಜ್ಜು, ಹಳೆಯ ಕೆಮ್ಮು, ಮಲಬದ್ಧತೆಯಿಂದ ಸಡಿಲವಾಗುತ್ತವೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದೊಡನೆ ನಾಳ ಸರಿಯಾಗಿ ಮುಚ್ಚಿಕೊಳ್ಳದೆ ಮೂತ್ರ ಸೋರುತ್ತದೆ.

ಮೊದಲು ವ್ಯಾಯಾಮ

ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿಹಿಡಿದು ಸಡಿಲಿಸಿ. ಒಮ್ಮೆಗೆ 8 ಸಲದಂತೆ ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಿ. ತೂಕ ಇಳಿಸಿ, ಕೆಮ್ಮಿಗೂ ಮಲಬದ್ಧತೆಗೂ ಮದ್ದು ಮಾಡಿ. ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ.

ಇಂಜೆಕ್ಷನ್ ಚಿಕಿತ್ಸೆ

ಇದರಿಂದ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆಯುಂಟು, ಇಂಜೆಕ್ಷನ್ ಸಹ ಉಂಟು. ಮೂತ್ರನಾಳದೊಳಗೆ ಸಣ್ಣ ದುರ್ಬೀನು ಇಳಿಸಿ, ನಾಳದ ಗೋಡೆಗೆ ಮೂರ್ನಾಲ್ಕು ಕಡೆ ಜೆಲ್‌ನಂಥ ವಸ್ತು ತುಂಬುತ್ತಾರೆ. ಗೋಡೆ ಉಬ್ಬಿ ನಾಳ ಬಿಗಿಯಾಗುತ್ತದೆ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ಹೆಚ್ಚಿನವರು ಅಂದೇ ಮನೆಗೆ ಮರಳಬಹುದು. ಹಿಂದೆ ದನದ ಕೊಲಾಜನ್ ಬಳಸುತ್ತಿದ್ದರು. ಅದು ದೇಹದಲ್ಲಿ ಕರಗಿಹೋಗುತ್ತಿತ್ತು. ಈಗ ಪಾಲಿಅಕ್ರಿಲಮೈಡ್ ಹೈಡ್ರೋಜೆಲ್ ಬಳಕೆಯಲ್ಲಿದೆ. ಇದು ಪ್ರಾಣಿಜನ್ಯವಲ್ಲ; 2020ರಲ್ಲಿ ಅಮೆರಿಕದಲ್ಲಿ ಮಂಜೂರಾಗಿದೆ.

ಆದರೆ ಇದು ಶಸ್ತ್ರಚಿಕಿತ್ಸೆಯಷ್ಟು ಪರಿಣಾಮಕಾರಿಯಲ್ಲ. ಕೆಲವರಿಗೆ ಮತ್ತೆ ಚುಚ್ಚಬೇಕಾಗುತ್ತದೆ. ಕೆಲ ದಿನ ಉರಿಮೂತ್ರ, ಸೋಂಕು, ಮೂತ್ರ ಕಟ್ಟುವಿಕೆ ಆಗಬಹುದು. ಸೋಂಕಿದ್ದಾಗ ಇಂಜೆಕ್ಷನ್ ಕೊಡುವುದಿಲ್ಲ. ಅವಸರವಾಗಿ, ತಡೆಯಲಾಗದೆ ಸೋರುವ ಕಾಯಿಲೆಯೇ ಬೇರೆ; ಅದಕ್ಕೆ ಇದು ಮದ್ದಲ್ಲ.

ನಮಾಝ್ ಬಿಡಬೇಕೇ?

ಬೇಡ. ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿನ್ತ್ ಅಬೀ ಹುಬೈಶ್(ರ)ರಿಗೆ, ಮುಟ್ಟಿನ ದಿನಗಳು ಮುಗಿದ ಮೇಲೆ ಪ್ರತಿ ನಮಾಝ್‌ಗೂ ವುಝೂ ಮಾಡಿ ನಮಾಝ್ ನಿರ್ವಹಿಸಲು ಪ್ರವಾದಿ(ಸ)ರು ಹೇಳಿದರು. ಯಾವಾಗಲೋ ಒಮ್ಮೆ ಸೋರಿದರೆ ತೊಳೆದು ಮತ್ತೆ ವುಝೂ ಮಾಡಿ. ಸದಾ ಸೋರುತ್ತಿದ್ದರೆ ರಿಯಾಯಿತಿಯಿದೆ. ವಿವರವನ್ನು ಉಲಮಾರಲ್ಲಿ ಕೇಳಿ.

ಎಲ್ಲಿಗೆ ಹೋಗಬೇಕು?

ಗಿಣಿಗೇರಾದವರಿಗೆ ಕೊಪ್ಪಳ ಹತ್ತಿರ. ಅಲ್ಲಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮೊದಲು ಸ್ತ್ರೀರೋಗ ವಿಭಾಗಕ್ಕೆ ತೋರಿಸಿ. ಇಂಜೆಕ್ಷನ್ ಎಲ್ಲೆಡೆ ಸಿಗುವುದಿಲ್ಲ. ಬೇಕಾದರೆ ಅವರೇ ಮೂತ್ರರೋಗ ತಜ್ಞರಲ್ಲಿಗೆ ಕಳಿಸುತ್ತಾರೆ. ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ.

ಗಂಡಂದಿರೇ, ಮಕ್ಕಳೇ, ಮನೆಯ ಹೆಂಗಸರು ಹೇಳಲಿ ಎಂದು ಕಾಯಬೇಡಿ. ನೀವೇ ಮೆಲ್ಲಗೆ ಕೇಳಿ, ಜೊತೆಗೆ ಹೋಗಿ.