ಸಾಬ್, ಸಾಬರು, ಸಾಬಿ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆ ನಿರ್ವಹಣೆಯ ಪಾಠ ಓದಿದವರಿಗೆ ಲೇಬಲ್‌ನ ಕೆಲಸಗಳು ಬಾಯಿಪಾಠ: ಸರಕನ್ನು ಗುರುತಿಸುವುದು, ಒಳಗೇನಿದೆ ಎಂದು ತಿಳಿಸುವುದು, ದರ್ಜೆ ತೋರಿಸುವುದು. ಸರಕಿನ ಮೇಲೆ ಸುಳ್ಳು ಲೇಬಲ್ ಅಂಟಿಸಿದರೆ ಗ್ರಾಹಕ ಆಯೋಗವಿದೆ. ಮನುಷ್ಯರ ಮೇಲೆ ಅಂಟಿಸಿದರೆ? ಧರ್ಮ, ಜನಾಂಗ ಹಿಡಿದು ಕರೆಯುವುದು ಅವಮಾನವೇ ಎಂದು ನಮ್ಮ ತರಗತಿಯಲ್ಲಿ ಚರ್ಚೆಯಾದಾಗ ಅರ್ಧ ಜನ ಹೌದು ಎಂದರು, ಅರ್ಧ ಜನ "ಎಲ್ಲದಕ್ಕೂ ಬೇಜಾರಾದರೆ ಹೇಗೆ" ಎಂದರು. ಗಂಟೆ ಹೊಡೆಯಿತು, ಚರ್ಚೆ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮಗೆ ಹತ್ತಿರದ ಪದದಿಂದಲೇ ಶುರು ಮಾಡೋಣ. 'ಸಾಬ್' ಬಂದದ್ದು ಅರಬ್ಬಿಯ 'ಸಾಹಿಬ್'ನಿಂದ. ಮೂಲ ಅರ್ಥ ಸಂಗಾತಿ. ಪ್ರವಾದಿಯವರ(ಸ) ಸಂಗಡಿಗರನ್ನು ಸಹಾಬಾ ಎನ್ನುವುದೂ ಇದೇ ಧಾತುವಿನಿಂದ. ಪಾರ್ಸಿ, ಉರ್ದು ದಾಟುವಾಗ ಅದು ದೊಡ್ಡವರಿಗೆ ಸಲ್ಲುವ ಗೌರವದ ಮಾತಾಯಿತು. ಕನ್ನಡಕ್ಕೆ ಬಂದ ಮೇಲೆ ಮುಸ್ಲಿಮರಿಗೆಲ್ಲ ಒಂದೇ ಹೆಸರಾಯಿತು.

ಅದು ಪ್ರೀತಿಯ ಹೆಸರಾದದ್ದೂ ಉಂಟು. ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್ 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದರು. ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ ಕುಡಿಯುವ ನೀರು ಕೊಟ್ಟಿದ್ದಕ್ಕೆ ಜನರೇ ಅವರಿಗೆ 'ನೀರ್‌ಸಾಬ್' ಎಂದು ಹೆಸರಿಟ್ಟರು. 1988ರಲ್ಲಿ ಅವರು ತೀರಿಕೊಂಡರು. ಹಳ್ಳಿಯ ಹಿರಿಯರು ಈಗಲೂ ಹಾಗೆಯೇ ನೆನೆಯುತ್ತಾರೆ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೂ ಅವರದೇ ಹೆಸರು.

ನಮ್ಮ ಅಬ್ಬಾನ ಹಣ್ಣಿನ ಗಾಡಿಗೆ ಒಬ್ಬ ಅಜ್ಜಿ ಬರುತ್ತಾರೆ. "ಸಾಬ್ರೇ, ದಾಳಿಂಬೆ ಚೆನ್ನಾಗಿದೆಯಾ?" ಎನ್ನುತ್ತಾರೆ. ಅಬ್ಬಾ "ಬನ್ನಿ ಅಮ್ಮಾ" ಎಂದು ತೂಕದ ಮೇಲೆ ಒಂದು ಹಣ್ಣು ಹೆಚ್ಚಿಗೆ ಹಾಕುತ್ತಾರೆ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ, ಯಾರಿಗೂ ನೋವಿಲ್ಲ. ಅದೇ ಪದ 'ಸಾಬಿ' ಆದರೆ ಬೈಗುಳ. ಕನ್ನಡದ ಗೌರವಸೂಚಕ ಬಹುವಚನಕ್ಕೆ ಎಷ್ಟು ತೂಕವಿದೆ ಎಂಬುದು ನನಗೆ ವ್ಯಾಕರಣ ಪುಸ್ತಕಕ್ಕಿಂತ ಬಸ್ ಸ್ಟ್ಯಾಂಡಿನಲ್ಲೇ ಚೆನ್ನಾಗಿ ತಿಳಿಯಿತು.

ಬೈಗುಳವನ್ನು ಗುರುತಿಸುವುದು ಸುಲಭ. ಕಷ್ಟ ಇರುವುದು ಹೊಗಳಿಕೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂದಾಗ ಒಬ್ಬರು "ಸಾಬರಾದರೂ ಎಷ್ಟು ಚೆನ್ನಾಗಿ ಕನ್ನಡ ಬರೀತೀಯಪ್ಪಾ" ಎಂದರು. ನಿಜವಾಗಿ ಸಂತೋಷಪಟ್ಟೇ ಹೇಳಿದರು. ಅಲ್ಲಿ 'ಸಾಬರು' ತಪ್ಪು ಪದವಲ್ಲ, 'ಆದರೂ' ತಪ್ಪು ಪದ. ನಮ್ಮ ಮನೆಮಾತು ಉರ್ದು, ಸರಿ. ನಾನು ಒಂದನೇ ತರಗತಿಯಿಂದ ಓದಿದ್ದು ಕನ್ನಡ ಶಾಲೆಯಲ್ಲಿ. ಡಬ್ಬಿ ತೆರೆಯುವ ಮೊದಲೇ ಒಳಗೇನಿದೆ ಎಂದು ಅವರು ಓದಿಬಿಟ್ಟಿದ್ದರು.

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿದೆ. ಜಾರ್ಖಂಡಿನ ಬೊಕಾರೊ ಜಿಲ್ಲೆಯಲ್ಲಿ, ಮಾಹಿತಿ ಹಕ್ಕು ಅರ್ಜಿಗೆ ಉತ್ತರ ತಲುಪಿಸಲು ಹೋದ ಉರ್ದು ಅನುವಾದಕರನ್ನು ಅರ್ಜಿದಾರರು 'ಮಿಯಾಂ-ತಿಯಾಂ', 'ಪಾಕಿಸ್ತಾನಿ' ಎಂದರು ಎಂಬುದು ದೂರು. 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮ ಅವರ ಪೀಠ ಆರೋಪಿಯನ್ನು ಪ್ರಕರಣದಿಂದ ಬಿಡುಗಡೆ ಮಾಡಿತು. ಆ ಮಾತುಗಳು ಕೀಳು ಅಭಿರುಚಿಯವು, ಆದರೆ ಧಾರ್ಮಿಕ ಭಾವನೆಗೆ ಧಕ್ಕೆ ತಂದ ಅಪರಾಧ ಅಲ್ಲ ಎಂದಿತು.

ಮನೆಯಲ್ಲಿ ಇದನ್ನು ಓದಿ ಹೇಳಿದಾಗ ನಾನಿ ನಕ್ಕರು. ಅವರು ಮೊಮ್ಮಕ್ಕಳನ್ನು ಕರೆಯುವುದೇ 'ಮಿಯಾಂ' ಎಂದು. ಉರ್ದುವಿನಲ್ಲಿ ಗಂಡನೂ ಮಿಯಾಂ, ಗೌರವಸ್ಥರೂ ಮಿಯಾಂ. ವಿಷ ಇರುವುದು 'ತಿಯಾಂ'ನಲ್ಲಿ. ನಾವು ಪುಸ್ತಕ-ಗಿಸ್ತಕ, ಚಹಾ-ಗಿಹಾ ಎನ್ನುವುದಿಲ್ಲವೇ? ಹಾಗೆ ಎಂದ ತಕ್ಷಣ ಆ ವಸ್ತು ಯಾವುದಾದರೂ ಒಂದು, ಲೆಕ್ಕಕ್ಕಿಲ್ಲದ್ದು ಎಂದಾಗುತ್ತದೆ. ಚಹಾಕ್ಕೆ ಅದರಿಂದ ಬೇಸರವಿಲ್ಲ.

ತೀರ್ಪು ಓದಿ ಕೆಲವು ಗೆಳೆಯರಿಗೆ ಸಿಟ್ಟು ಬಂತು. ನನಗೆ ಅದು ಸರಿ ಎನಿಸುತ್ತದೆ. ಪ್ರತಿ ಕೆಟ್ಟ ಮಾತಿಗೂ ಜೈಲು ಎಂದರೆ ಆ ಕಾನೂನು ನಾಳೆ ಯಾರ ಮೇಲೆ ಬೀಳುತ್ತದೋ ಗೊತ್ತಿಲ್ಲ. ಆದರೆ "ಕೋರ್ಟೇ ತಪ್ಪಿಲ್ಲ ಎಂದಿದೆ" ಎನ್ನುವವರು ತೀರ್ಪಿನ ಅರ್ಧ ಮಾತ್ರ ಓದಿದ್ದಾರೆ. ಕೀಳು ಎಂದದ್ದೂ ಅದೇ ಕೋರ್ಟು. "ತಮಾಷೆಗೆ ಅಂದೆ" ಎಂಬುದು ನ್ಯಾಯಾಲಯದಲ್ಲಿ ನಡೆಯಬಹುದು. ಬೆಂಚಿನಲ್ಲಿ ಪಕ್ಕ ಕುಳಿತವನ ಮುಂದೆ ನಡೆಯಬೇಕಾದರೆ ಅವನಿಗೂ ನಗು ಬರಬೇಕು.

ಇಲ್ಲಿಯವರೆಗೆ ನಮ್ಮ ಕಡೆಯದನ್ನೇ ಹೇಳಿದೆ. ನಮ್ಮ ಬಾಯಲ್ಲಿ ಓಡಾಡುವ ಪದಗಳೂ ಇವೆ. ಸಾಲ ಕೊಡದವನು 'ಮಾರ್ವಾಡಿ', ಈಶಾನ್ಯದವರೆಲ್ಲ 'ಚಿಂಕಿ'. 2012ರಲ್ಲಿ ಕೇಂದ್ರ ಗೃಹ ಸಚಿವಾಲಯವು ಈಶಾನ್ಯದ ಪರಿಶಿಷ್ಟ ಪಂಗಡದವರನ್ನು ಹಾಗೆ ಹೀಯಾಳಿಸಿದರೆ ದೌರ್ಜನ್ಯ ತಡೆ ಕಾಯ್ದೆಯಡಿ ಕ್ರಮ ಕೈಗೊಳ್ಳಬಹುದು ಎಂದು ರಾಜ್ಯಗಳಿಗೆ ತಿಳಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ, ರಂಜಾನ್ ಮುಗಿದ ಮೇಲೆ ಮುಸ್ಲಿಮರು ಹಲ್ಲೆ ಮಾಡುತ್ತಾರೆ ಎಂಬ ವದಂತಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರಿಗೆ ನಾವೆಲ್ಲ ಒಂದೇ, ನಮಗೆ ಅವರೆಲ್ಲ ಒಂದೇ. ವದಂತಿಗೆ ಬೇರೇನೂ ಬೇಕಾಗಲಿಲ್ಲ.

ನಮ್ಮ ಕಾಲೇಜಿನ ಗೇಟಿನ ಎದುರು ಮೊಮೊ ಮಾರುವವರನ್ನು ಎಲ್ಲರೂ 'ನೇಪಾಳಿ' ಎನ್ನುತ್ತಾರೆ. ಅವರು ಅಸ್ಸಾಮಿನವರು. ದಿನವೂ ಫೋನ್‌ಪೇ ಮಾಡಲು ನಾವು ಸ್ಕ್ಯಾನ್ ಮಾಡುವ ಆ ಕ್ಯೂಆರ್ ಕೋಡಿನ ಕೆಳಗೆ ಅವರ ಪೂರ್ತಿ ಹೆಸರು ದಪ್ಪಕ್ಷರದಲ್ಲಿದೆ.