ಎದೆಯುರಿ ಮತ್ತು ರಾತ್ರಿಯ ಕೆಮ್ಮು

ಹಗಲೆಲ್ಲ ಇಲ್ಲದ ಕೆಮ್ಮು ರಾತ್ರಿ ಮಲಗಿದೊಡನೆ ಕಾಡುತ್ತದೆಯೇ? ಜೊತೆಗೆ ಹುಳಿತೇಗು, ಎದೆಯುರಿಗಳೂ ಉಂಟೇ? ಹಾಗಿದ್ದಲ್ಲಿ ಕೆಮ್ಮಿನ ಮೂಲವು ಶ್ವಾಸಕೋಶದಲ್ಲಿರದೆ ಜಠರದಲ್ಲಿರಬಹುದು.

ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಬಳೆಯಂತಹ ಸ್ನಾಯುವೊಂದಿದೆ. ಅದು ಸಡಿಲಗೊಂಡಾಗ ಜಠರದ ಆಮ್ಲವು ಗಂಟಲಿನವರೆಗೆ ಏರುತ್ತದೆ. ಕೆಲವೊಮ್ಮೆ ಶ್ವಾಸನಾಳಕ್ಕೂ ಇಳಿಯುತ್ತದೆ. ಇದರಿಂದ ಕೆಮ್ಮು ಹುಟ್ಟುವುದಲ್ಲದೆ, ಮೊದಲೇ ಇರುವ ಉಬ್ಬಸವೂ ಹೆಚ್ಚಬಹುದು.

ಮನೆಯವರೆಲ್ಲ ಉಂಡ ಮೇಲೆ ತಡವಾಗಿ ಉಂಡು ಒಡನೆಯೇ ಮಲಗುವ ಗೃಹಿಣಿಗೆ ಈ ತೊಂದರೆ ಸುಲಭವಾಗಿ ಬರುತ್ತದೆ. ಗರ್ಭಿಣಿಯಲ್ಲಂತೂ ಎದೆಯುರಿ ಸಾಮಾನ್ಯ. ಆದುದರಿಂದ ಪತಿಪತ್ನಿಯರಿಬ್ಬರೂ ಜೊತೆಯಲ್ಲಿಯೇ, ಮಲಗುವುದಕ್ಕೆ 3 ಗಂಟೆ ಮೊದಲು, ಮಿತವಾಗಿ ಊಟ ಮಾಡಿರಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 6ರಿಂದ 8 ಅಂಗುಲ ಎತ್ತರಿಸಿರಿ. ಎಡಮಗ್ಗುಲಾಗಿ ಮಲಗಿರಿ. ಬೀಡಿ, ಹೊಗೆಸೊಪ್ಪು, ಮದ್ಯಗಳನ್ನು ತ್ಯಜಿಸಿರಿ.

ಆದರೆ ಎಲ್ಲ ಕೆಮ್ಮಿಗೂ ಆಮ್ಲವೇ ಕಾರಣವೆಂದು ಭಾವಿಸಬಾರದು. ಕೆಮ್ಮು 2 ವಾರ ಮೀರಿದರೆ ಅದು ಕ್ಷಯವಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿರಿ. ಉಬ್ಬಸದ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಸೇವಿಸಬಾರದು. ನುಂಗಲು ಕಷ್ಟ, ರಕ್ತವಾಂತಿ, ಬೆವರಿನೊಡನೆ ಎದೆನೋವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಒಬ್ಬರ ರಾತ್ರಿಯ ಕೆಮ್ಮನ್ನು ಮೊದಲು ಕೇಳುವವರು ಮತ್ತೊಬ್ಬರೇ. ಕೇಳಿದುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.