ಗೂಡ್ಸ್ ವ್ಯಾಗನ್ ಮಾದರಿ: ಕಟ್ಟರ್ ಹಿಡಿಯುವ ಮುನ್ನ

ರೈಲಿನ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸಿಗಳ ಕಣ್ಣೆಲ್ಲ ಎಂಜಿನ್ ಮೇಲೆ. ವ್ಯಾಗನ್ ಎಂದರೆ ನಾಲ್ಕು ಗೋಡೆ, ಒಂದು ಚಾವಣಿ, ಮೇಲೊಂದಿಷ್ಟು ಕೆಮ್ಮಣ್ಣಿನ ಬಣ್ಣ, ಅಷ್ಟೇ ಎಂಬ ಉಡಾಫೆ. ಹೀಗಾಗಿ ಎಷ್ಟೋ ಮನೆಗಳ ಮಾದರಿಯಲ್ಲಿ ಎಂಜಿನ್ ನಮ್ಮದು, ಅದರ ಹಿಂದಿನ ಡಬ್ಬಿಗಳು ಅಮೆರಿಕದವು. ಅಲ್ಲಿನ ‘ಬಾಕ್ಸ್ ಕಾರ್’ಗೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುವ ಬಾಗಿಲು, ನಮ್ಮ ಮುಚ್ಚಿದ ವ್ಯಾಗನ್‌ಗೆ ಕೀಲಿನ ಮೇಲೆ ಹೊರಕ್ಕೆ ತೆರೆಯುವ ಜೋಡಿ ರೆಕ್ಕೆಯ ಬಾಗಿಲು. ಬಣ್ಣ ಬಳಿದ ಮಾತ್ರಕ್ಕೆ ಅದು ಇದಾಗದು.

ತುಮಕೂರಿನವರಿಗೆ ಅಸಲಿ ವ್ಯಾಗನ್ ನೋಡಲು ದೂರ ಹೋಗುವ ಕೆಲಸವಿಲ್ಲ. ಶೆಟ್ಟಿಹಳ್ಳಿ ಅಂಡರ್‌ಪಾಸಿನ ನೆತ್ತಿಯ ಮೇಲೆ ಹೋಗುವುದು ಬೆಂಗಳೂರು–ಅರಸೀಕೆರೆ ಮಾರ್ಗ. ಗುಬ್ಬಿ ದಾಟಿ ಮುಂದೆ ಹೋದರೆ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯೂ ಇದೇ ಮಾರ್ಗದಲ್ಲಿದೆ. ಸಿಮೆಂಟು, ಗೊಬ್ಬರ, ಅಕ್ಕಿ, ಗೋಧಿ ಹೀಗೆ ನೆನೆಯಬಾರದ ಮೂಟೆ ಸರಕು ಹೋಗುವುದೆಲ್ಲ ಮುಚ್ಚಿದ ವ್ಯಾಗನ್‌ಗಳಲ್ಲೇ.

ಮೊದಲು ಇಸವಿ

ಯಾವ ಕಾಲದ ತುಮಕೂರು ನಿಮ್ಮ ಮೇಜಿನ ಮೇಲೆ ಬರಬೇಕು? ಇದು ತೀರ್ಮಾನವಾಗದೆ ಮುಂದಿನ ಯಾವ ವಿವರವೂ ಕೂಡಿಬರುವುದಿಲ್ಲ. ಇಲ್ಲಿಗೆ ರೈಲು ಬಂದದ್ದು 1884ರಲ್ಲಿ, ಮೀಟರ್ ಗೇಜ್ ಹಳಿಯ ಮೇಲೆ. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. 2003ರವರೆಗೆ ಇದು ದಕ್ಷಿಣ ರೈಲ್ವೆ, ಆಮೇಲೆ ನೈಋತ್ಯ ರೈಲ್ವೆ. ತಲೆಯ ಮೇಲೆ ವಿದ್ಯುತ್ ತಂತಿ ಬಂದದ್ದು ಇತ್ತೀಚೆಗೆ. ತಂತಿ ಕಂಬವಿಲ್ಲದ ಹಳೇ ಸ್ಟೇಷನ್ ಕಟ್ಟಿ, ಅದರ ಮುಂದೆ ಇವತ್ತಿನ ಹೊಸ ವ್ಯಾಗನ್ ನಿಲ್ಲಿಸಿದರೆ ಬಲ್ಲವರು ಮೊದಲ ನೋಟಕ್ಕೇ ಹಿಡಿದುಬಿಡುತ್ತಾರೆ. ಕುಣಿಗಲ್ ಸ್ಟೇಷನ್ ಮಾಡುವವರಿಗೆ ಈ ತಲೆನೋವು ಕಡಿಮೆ: ಬೆಂಗಳೂರು–ಹಾಸನ ಮಾರ್ಗ ಪೂರ್ತಿಯಾಗಿ ತೆರೆದದ್ದೇ 2017ರಲ್ಲಿ.

ಆಮೇಲೆ ಜಾತಿ

ದೂರದಿಂದ ಎಲ್ಲ ಒಂದೇ ಥರ ಕಂಡರೂ ಮೂರು ಬಗೆಗಳನ್ನು ಬೇರ್ಪಡಿಸಲು ಕಲಿಯಬೇಕು. ಬಿಸಿಎನ್ ಹಳೆಯದು, ಎಲ್ಲಕ್ಕಿಂತ ಉದ್ದ. ಈ ಕೊಂಡಿಯಿಂದ ಆ ಕೊಂಡಿಗೆ 15,429 ಮಿಲಿಮೀಟರ್. ಬಿಸಿಎನ್‌ಎ 14,450. ಬಿಸಿಎನ್‌ಎಚ್‌ಎಲ್ ಬರೀ 10,963; ಗಿಡ್ಡ, ಆದರೆ ತುಸು ಅಗಲ. ಗಿಡ್ಡವೆಂದು ಹಗುರವಾಗಿ ಕಾಣಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಮೈ ಇರುವುದರಿಂದ ಅದರ ಖಾಲಿ ತೂಕ ಕಡಿಮೆ, ಹೊರುವ ಭಾರ ಹೆಚ್ಚು. ಒಂದು ರೇಕ್‌ನಲ್ಲಿ, ಅಂದರೆ ಒಂದು ಗೂಡ್ಸ್ ಗಾಡಿಯ ಸಾಲಿನಲ್ಲಿ, ಇಂಥವು 58 ಇರುತ್ತವೆ. 1:87ರ ಎಚ್‌ಒ ಅಳತೆಗೆ ಇಳಿಸಿದರೆ ಈ ಮೂರೂ ಸುಮಾರು 177, 166, 126 ಮಿಲಿಮೀಟರ್ ಆಗುತ್ತವೆ. 58 ವ್ಯಾಗನ್ ಸಾಲಾಗಿ ನಿಲ್ಲಿಸಲು ಏಳು ಮೀಟರಿಗೂ ಉದ್ದದ ಹಜಾರ ಬೇಕು. ಮನೆಯವರು ಒಪ್ಪುವುದು ಕಷ್ಟ. ಹತ್ತೋ ಹನ್ನೆರಡೋ ಸಾಕು.

ಗೋಡೆ ಓದುವುದು

ಗ್ರಂಥಾಲಯಕ್ಕಿಂತ ಹೆಚ್ಚಿನ ಮಾಹಿತಿ ವ್ಯಾಗನ್ನಿನ ಗೋಡೆಯ ಮೇಲೇ ಇದೆ. ಬಗೆಯ ಹೆಸರು, ವಲಯದ ಅಕ್ಷರ (ದೇವನಾಗರಿಯಲ್ಲೂ ಇರುತ್ತದೆ), ಖಾಲಿ ತೂಕ, ಹೊರಬಹುದಾದ ಭಾರ, ಪಿಒಎಚ್ ಎಂಬ ದೊಡ್ಡ ರಿಪೇರಿ ಎಂದು, ಯಾವ ವರ್ಕ್‌ಶಾಪಿನಲ್ಲಿ ಆಯಿತು, ಮತ್ತೆ ಎಂದು ಆಗಬೇಕು, ಎಲ್ಲವೂ ಬರೆದಿರುತ್ತದೆ. ಹಲವರು ಊಹೆಯ ಮೇಲೆ ಅಂಕಿ ಅಂಟಿಸುತ್ತಾರೆ. ಬೇಡ. ಈಗಿನ 11 ಅಂಕಿಯ ಸಂಖ್ಯೆಗೆ ಒಂದು ಕ್ರಮವಿದೆ: ಮೊದಲ ಎರಡು ಅಂಕಿ ಬಗೆ (ಮುಚ್ಚಿದ ವ್ಯಾಗನ್ನಾದರೆ 30ರಿಂದ 39ರೊಳಗೆ), ಮುಂದಿನೆರಡು ಒಡೆತನದ ರೈಲ್ವೆ, ಅದರ ಮುಂದಿನೆರಡು ತಯಾರಾದ ವರ್ಷ, ಆಮೇಲೆ ನಾಲ್ಕು ವ್ಯಾಗನ್ನಿನ ಸ್ವಂತ ಸಂಖ್ಯೆ, ಕೊನೆಯದು ತಾಳೆ ಅಂಕಿ.

ತಾಳೆ ನೋಡುವುದು ಹೀಗೆ. 31 07 08 1234 ಎಂದಿಟ್ಟುಕೊಳ್ಳಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಸ್ಥಾನದ ಅಂಕಿಗಳನ್ನು ಕೂಡಿ: 1, 7, 8, 2, 4 ಸೇರಿ 22. ಮೂರರಿಂದ ಗುಣಿಸಿದರೆ 66. ಉಳಿದ ಸ್ಥಾನಗಳ 3, 0, 0, 1, 3 ಕೂಡಿದರೆ 7. ಒಟ್ಟು 73. ಮುಂದಿನ ಪೂರ್ಣ ಹತ್ತು 80. ಅಲ್ಲಿಗೆ 7 ಬೇಕು. ಆ 7 ಕೊನೆಯ ಅಂಕಿ. ಫೋಟೊದಲ್ಲಿ ಒಂದು ಅಂಕಿ ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಇದೇ ಲೆಕ್ಕ ತಿರುಗಿಸಿ ಅದನ್ನು ಪತ್ತೆ ಮಾಡಬಹುದು. ಇಷ್ಟು ಮಾಡುವವರು ಕಡಿಮೆ, ಆದರೆ ಮಾಡಿದ ಮೇಲೆ ಸಿಗುವ ಖುಷಿಯೇ ಬೇರೆ.

ಟೇಪ್ ಇಲ್ಲದೆ ಅಳತೆ

ವ್ಯಾಗನ್ ಮುಟ್ಟಿ ಅಳೆಯಲು ಹೋಗಬೇಡಿ. ಅನುಮತಿಯಿಲ್ಲದೆ ಹಳಿಯ ಆವರಣಕ್ಕೆ ಇಳಿದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಅದಕ್ಕಿಂತ ದೊಡ್ಡ ಅಪಾಯ ಮೇಲಿನ 25,000 ವೋಲ್ಟಿನ ತಂತಿ. ಉದ್ದ ಕೋಲು, ಸೆಲ್ಫಿ ಸ್ಟಿಕ್ ಯಾವುದೂ ಬೇಡ. ಪ್ಲಾಟ್‌ಫಾರಂ ಟಿಕೆಟ್ ತೆಗೆದು, ಸ್ಟೇಷನ್ ಮಾಸ್ಟರಿಗೆ ಒಂದು ಮಾತು ತಿಳಿಸಿ, ಪ್ಲಾಟ್‌ಫಾರಂ ಮೇಲಿಂದಲೇ ಫೋಟೊ ತೆಗೆಯಿರಿ. ಎದುರಿನ ಲೂಪ್ ಲೈನಿನಲ್ಲಿ ಗೂಡ್ಸ್ ನಿಂತಿದ್ದರೆ ಅದೇ ಸುಸಮಯ.

ಫೋಟೊ ವ್ಯಾಗನ್ನಿನ ಮಗ್ಗುಲಿಗೆ ನೇರವಾಗಿರಬೇಕು. ಹತ್ತಿರ ಹೋಗಿ ಅಗಲವಾಗಿ ತೆಗೆಯುವುದಕ್ಕಿಂತ ಹಿಂದೆ ಸರಿದು ಜೂಮ್ ಮಾಡಿದರೆ ಆಕಾರ ಸೊಟ್ಟಗಾಗದು. ಅಳತೆಗೋಲು ಫೋಟೊದೊಳಗೇ ಇದೆ: ಕ್ಯಾಸ್ನಬ್ ಬೋಗಿಯ (ವ್ಯಾಗನ್ನಿನಡಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು) ಎರಡು ಗಾಲಿಗಳ ನಡುಮಧ್ಯದ ಅಂತರ 2,000 ಮಿಲಿಮೀಟರ್. ಕಂಪ್ಯೂಟರಿನಲ್ಲಿ ಆ ಅಂತರ 400 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್‌ಗೆ 5 ಮಿಲಿಮೀಟರ್. ಬಾಗಿಲ ಅಗಲ, ಪಕ್ಕೆಲುಬಿನ ಪಟ್ಟಿಗಳ ಅಂತರ, ಕೀಲಿನ ಎತ್ತರ ಎಲ್ಲವೂ ಹೀಗೇ ಸಿಗುತ್ತವೆ. ಹೊಸ ಗಾಲಿಯ ವ್ಯಾಸ 1,000 ಮಿಲಿಮೀಟರ್ ಇದ್ದರೂ ಅದನ್ನು ಅಳತೆಗೋಲಾಗಿ ನಂಬಬೇಡಿ, ಗಾಲಿ ಸವೆಯುತ್ತದೆ.

ಮೇಲ್ಭಾಗದ ಫೋಟೊ ಮರೆಯುವವರೇ ಹೆಚ್ಚು. ಮಾದರಿಯನ್ನು ನಾವು ನೋಡುವುದೇ ಮೇಲಿನಿಂದ. ಪಾದಚಾರಿ ಸೇತುವೆ ಹತ್ತಿ ಚಾವಣಿಯ ಬಾಗು, ಹಾಳೆಗಳ ಕೂಡುಗೆರೆ ತೆಗೆದುಕೊಳ್ಳಿ.

ಕೆಳಗಿನ ಲೋಕ

ವ್ಯಾಗನ್ನಿನ ಕಾಲ ಹೇಳುವುದು ಗಾಲಿಯ ತುದಿ. ಈಗಿನ ಬೇರಿಂಗ್‌ನಲ್ಲಿ ಅಚ್ಚಿನ ತುದಿಗೆ ದುಂಡನೆಯ ಮುಚ್ಚಳವಿದ್ದು, ಅದರ ಮೇಲೆ ಮೂರು ಬೋಲ್ಟುಗಳಿರುತ್ತವೆ. ರೈಲು ಹೊರಟಾಗ ಗಮನಿಸಿ, ಅಚ್ಚಿನ ಜೊತೆ ಆ ಬೋಲ್ಟುಗಳೂ ತಿರುಗುತ್ತವೆ. ಹಳೆಯ ಕ್ಯಾಸ್ನಬ್‌ಗಳಲ್ಲಿ ಪೆಟ್ಟಿಗೆಯಂಥ ಆಕ್ಸಲ್ ಬಾಕ್ಸ್ ಇತ್ತು, ಅದು ತಿರುಗುತ್ತಿರಲಿಲ್ಲ. ಪಕ್ಕದ ಚೌಕಟ್ಟಿನ ನಡುಗಿಂಡಿಯಲ್ಲಿ ಸ್ಪ್ರಿಂಗ್‌ಗಳ ಗೊಂಚಲು ಕಾಣುತ್ತದೆ. ಮಾದರಿಯಲ್ಲಿ ಅಲ್ಲಿ ಬೆಳಕು ಆಚೆ ತೂರಿಬರಬೇಕು. ಕಪ್ಪು ಬಳಿದು ಮುಚ್ಚಿಬಿಟ್ಟರೆ ಬೋಗಿ ಸತ್ತಂತೆ ಕಾಣುತ್ತದೆ. ಮಗ್ಗುಲಲ್ಲಿ ಕೈಬ್ರೇಕಿನ ಚಕ್ರ, ಹಳೆಯವುಗಳಲ್ಲಿ ‘ಖಾಲಿ–ಭರ್ತಿ’ ಬದಲಿಸುವ ಹಿಡಿಕೆ ಇರುತ್ತವೆ. ಬ್ರೇಕ್ ಸಿಲಿಂಡರ್ ಮೈಯಡಿಯಲ್ಲಿದೆಯೋ ಬೋಗಿಯ ಮೇಲೇ ಇದೆಯೋ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಇತ್ತೀಚಿನ ಬಿಸಿಎನ್‌ಎಚ್‌ಎಲ್‌ಗಳಲ್ಲಿ ಅದು ಬೋಗಿಗೆ ಇಳಿದಿದೆ.

ಫೋಟೊದಲ್ಲಿ ಕಾಣದ್ದಕ್ಕೆ ಕಾಗದದ ಮೊರೆ ಹೋಗಬೇಕು. ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒದ ವ್ಯಾಗನ್ ನಿರ್ವಹಣಾ ಕೈಪಿಡಿಯಲ್ಲಿ ಅಳತೆಗಳಿವೆ. ಗ್ವಾಲಿಯರ್‌ನ ಕ್ಯಾಮ್‌ಟೆಕ್ ಸಂಸ್ಥೆ ರೈಲ್ವೆ ಕೆಲಸಗಾರರಿಗಾಗಿ ತಂದಿರುವ ಕೈಹೊತ್ತಿಗೆಗಳಲ್ಲಿ ಬಿಡಿಭಾಗಗಳ ಚಿತ್ರಗಳು ಚೊಕ್ಕವಾಗಿವೆ. ಮೀಟರ್ ಗೇಜ್ ಕಾಲ ಆರಿಸಿಕೊಂಡವರು ಮೈಸೂರು ರೈಲು ಮ್ಯೂಸಿಯಂಗೆ ಹೋಗಲೇಬೇಕು. ಹುಬ್ಬಳ್ಳಿಯಲ್ಲೂ 2020ರಿಂದ ಒಂದು ಮ್ಯೂಸಿಯಂ ಇದೆ.

ಹಳಿಯ ತಕರಾರು

ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. 1:87ಕ್ಕೆ ಇಳಿಸಿದರೆ 19.3. ಅಂಗಡಿಯ ಎಚ್‌ಒ ಹಳಿ 16.5; ಅದು 1,435ರ ಹಳಿಗೆ ಹೊಂದುವ ಲೆಕ್ಕ. ಅದರ ಮೇಲೆ ನಮ್ಮ ಅಗಲ ವ್ಯಾಗನ್ ಇಟ್ಟರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಹಳಿಯನ್ನೇ ಕೈಯಾರೆ ಹಾಕುವಷ್ಟು ತಾಳ್ಮೆ ಇದ್ದರೆ ಹಾಕಿ. ಇಲ್ಲದಿದ್ದರೆ ಸಿಗುವ ಹಳಿಯಲ್ಲೇ ಓಡಿಸಿ, ಮೈಯ ಅಳತೆಯನ್ನು ಮಾತ್ರ ಕೆಡಿಸಬೇಡಿ. ಹಳಿಗೆ ಸರಿಹೊಂದಲೆಂದು ವ್ಯಾಗನ್ನನ್ನೇ ಕಿರಿದು ಮಾಡುವುದು ನನ್ನ ಪ್ರಕಾರ ತಪ್ಪು ರಾಜಿ.

ಬಣ್ಣಕ್ಕೆ ಡಬ್ಬಿಯ ಮೇಲಿನ ಹೆಸರು ನಂಬದೆ, ನೆರಳಿನಲ್ಲೂ ಬಿಸಿಲಿನಲ್ಲೂ ತೆಗೆದ ಫೋಟೊ ಎದುರಿಗಿಟ್ಟುಕೊಳ್ಳಿ. ಸಿಮೆಂಟ್ ಹೊತ್ತ ವ್ಯಾಗನ್ನಿನ ಬಾಗಿಲಂಚಿನಲ್ಲಿ ಬೂದುಬಿಳಿ ಪುಡಿ, ಗೋಡೆಯ ಮೇಲೆ ಸಿಬ್ಬಂದಿ ಸುಣ್ಣದ ಕಡ್ಡಿಯಲ್ಲಿ ಗೀಚಿದ ಸ್ಟೇಷನ್ ಕೋಡು ಕಂಡರೆ ಬಿಡಬೇಡಿ. ತುಮಕೂರಿನ ಕೋಡು ‘ಟಿಕೆ’.

ಒಂದು ಕೋರಿಕೆ. ಬಿಸಿಎನ್‌ಎಚ್‌ಎಲ್ ಫೋಟೊಗೆ ಅವಸರವಿಲ್ಲ, ಅವು ಇನ್ನೂ ವರ್ಷಗಟ್ಟಲೆ ಓಡುತ್ತವೆ. 1980ರ ದಶಕದ ಬಿಸಿಎನ್‌ಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ರೇಕ್‌ನಲ್ಲಿ ಒಂದು ಕಂಡರೂ ಮೊದಲು ಅದರ ಎರಡೂ ಮಗ್ಗುಲು, ತುದಿಗೋಡೆ, ಸಂಖ್ಯೆ ದಾಖಲಿಸಿಕೊಳ್ಳಿ.